ಒಂದು ವಿಟಿ ಇದೆ, ನೋಡ್ಕೊಂಡು ಬರೋಣ

ಟೀವಿಯಲ್ಲಿ ಹಳೇ ಕ್ಲಿಪ್ ಬರುತ್ತಿದೆ ಅಂತ ಮೊದಲು ಗೊತ್ತಾಗುವುದು ಕಿವಿಗೆ. ಅಲ್ಲಿಯವರೆಗೆ ಕಿರುಚಿಕೊಂಡು ಮಾತಾಡುತ್ತಿದ್ದ ನಿರೂಪಕರ ದನಿ ಇದ್ದಕ್ಕಿದ್ದ ಹಾಗೆ ತಗ್ಗುತ್ತದೆ. ಎಲ್ಲಿಂದಲೋ ಒಂದು ಕೊಳಲು ಶುರುವಾಗುತ್ತದೆ. ವೇದಿಕೆಯ ದೀಪಗಳು ಮಂಕಾಗುತ್ತವೆ. 'ನಿಮಗಾಗಿ ಒಂದು ವಿಟಿ ಇದೆ, ನೋಡ್ಕೊಂಡು ಬರೋಣ' ಅಂದರೆ ಮುಗಿಯಿತು. ವಿಟಿ ಅಂದರೆ ವಿಡಿಯೋ ಟೇಪು, ಶೋ ಮಧ್ಯೆ ಹಾಕುವ ತುಣುಕು. ಅಡುಗೆಮನೆಯಲ್ಲಿದ್ದವರು ಒಗ್ಗರಣೆ ಬಿಟ್ಟು ಓಡಿ ಬರುತ್ತಾರೆ. ಸೋಫಾ ಮೇಲೆ ಫೋನ್ ತಿಕ್ಕುತ್ತಿದ್ದವರು ತಲೆ ಎತ್ತುತ್ತಾರೆ. ಅತಿಥಿಯಾಗಿ ಬಂದ ನಟರು ಇನ್ನೂ ಏನನ್ನೂ ನೋಡಿರುವುದಿಲ್ಲ, ಆಗಲೇ ಒಂದು ಕ್ಯಾಮೆರಾ ಅವರ ಕಣ್ಣಿನ ಪಕ್ಕದಲ್ಲಿ ಹೋಗಿ ಕಾಯುತ್ತಾ ಕೂತಿರುತ್ತದೆ. ನೀರು ಬರುವ ತನಕ ಅದು ಅಲ್ಲಿಂದ ಏಳುವುದಿಲ್ಲ.

ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನೂ ಅಳುವವರ ಪೈಕಿಯೇ. 2014ರಲ್ಲಿ ಜೀ ಕನ್ನಡದಲ್ಲಿ ರಮೇಶ್ ಅರವಿಂದ್ ಸಾಧಕರನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿ, ಅವರ ಹಳೇ ಫೋಟೋ, ಹಳೇ ಮೇಷ್ಟ್ರು, ಹಳೇ ಬೀದಿಯನ್ನೆಲ್ಲ ಎದುರಿಗೆ ತಂದು ನಿಲ್ಲಿಸಲು ಶುರು ಮಾಡಿದ ಮೇಲೆ ವಾರಾಂತ್ಯಕ್ಕೆ ಕರ್ಚೀಫು ಕೈಯಲ್ಲಿರಬೇಕು ಎಂದಾಯಿತು. ಆಮೇಲೆ ಹಾಡಿನ ಶೋ, ಕುಣಿತದ ಶೋ, ಅಡುಗೆ ಶೋ, ಎಲ್ಲಕ್ಕೂ ಒಂದೊಂದು ಹಳೇ ಕ್ಲಿಪ್ ಬಂತು. ಅಳಿಸಲಿ, ನನ್ನ ತಕರಾರಿಲ್ಲ. ಕ್ಲಿಪ್ಪನ್ನು ನೆಟ್ಟಗೆ ನೋಡಲು ಬಿಡುವುದಿಲ್ಲವಲ್ಲ, ತಕರಾರು ಅದು.

ಮೊನ್ನೆ ಒಂದು ಶೋನಲ್ಲಿ 1980ರ ದಶಕದ ತುಣುಕು ಬಂತು. ಒಬ್ಬ ನಟಿ ರಸ್ತೆ ಬದಿ ನಿಂತು, ಕೂದಲು ಸರಿಮಾಡಿಕೊಳ್ಳುತ್ತಾ ಏನೋ ಹೇಳುತ್ತಿದ್ದಾರೆ. ಕಾರ್ಯಕ್ರಮದವರು ತೋರಿಸಿದ್ದು ಅವರನ್ನು. ನಮ್ಮ ಮನೆಯವರೆಲ್ಲ ನೋಡಿದ್ದು ಅವರ ಬೆನ್ನ ಹಿಂದಿನದನ್ನು. ಅಲ್ಲಿ ತುಂಬಾ ಬೋಗನ್‌ವಿಲ್ಲಾ, ಕೆಳಗೆ ನೆರಳಿನ ಕಾಲುದಾರಿ. ಒಂದು ಕೆಂಪು ಬಿಟಿಎಸ್ ಬಸ್ಸು, ಅಂದರೆ ಆಗಿನ ಸಿಟಿ ಬಸ್ಸು, ಸಾವಕಾಶವಾಗಿ ಹೋಯಿತು, ಅದರ ಹಿಂದೆ ಇನ್ನೊಂದು ವಾಹನವೇ ಇಲ್ಲ. ಒಬ್ಬ ಹುಡುಗ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದ. ಕ್ಯಾರಿಯರಿನಲ್ಲಿ ದಾರ ಕಟ್ಟಿದ ಟಿಫಿನ್ ಡಬ್ಬಿ. 'ಎಂ.ಜಿ. ರೋಡು, ಪೆರೇಡ್ ಗ್ರೌಂಡ್ ಕಡೆ ಅಲ್ವಾ ಇದು?' ಎಂದು ಅಮ್ಮ ಎದ್ದು ಟೀವಿ ಹತ್ತಿರ ಹೋಗುವಷ್ಟರಲ್ಲಿ ಕಟ್. ಪರದೆ ತುಂಬಾ ಒಬ್ಬ ಜಡ್ಜ್, ಬಾಯಿ ಮುಚ್ಚಿಕೊಂಡು ಆಶ್ಚರ್ಯಪಡುತ್ತಿದ್ದಾರೆ. ಮತ್ತೆ ಅರ್ಧ ಸೆಕೆಂಡು ಕ್ಲಿಪ್. ಮತ್ತೆ ಇನ್ನೊಬ್ಬ ಜಡ್ಜ್. ಆ ಹುಡುಗನನ್ನು ಮತ್ತೆ ತೋರಿಸಲಿಲ್ಲ.

ಅಮ್ಮ ಹೇಳಿದ ಆ ಕಾಲುದಾರಿ ಮೆಟ್ರೋ ಕೆಲಸ ಬಂದಾಗ ಹೋಯಿತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದಾಗ ನಾವೆಲ್ಲ ಖುಷಿಯಿಂದ ಹತ್ತಿದವರೇ. ಅದೇ ಜಾಗ ಈಗ ಬೇರೆ ರೂಪದಲ್ಲಿದೆ, ಚೆನ್ನಾಗಿಯೂ ಇದೆ. ಆದರೆ ಮೊದಲು ಹೇಗಿತ್ತು ಅಂತ ಮಕ್ಕಳಿಗೆ ತೋರಿಸಬೇಕಾದರೆ ಇಂಥ ಕ್ಲಿಪ್ಪುಗಳ ಮೂಲೆಯನ್ನೇ ಹುಡುಕಬೇಕು. ಯಾರೂ ಆ ಮರಗಳನ್ನು ಚಿತ್ರೀಕರಿಸಲು ಹೋಗಿರಲಿಲ್ಲ. ನಟಿಯನ್ನು ಚಿತ್ರೀಕರಿಸಲು ಹೋದರು, ಮರಗಳು ಬಿಟ್ಟಿಯಾಗಿ ಬಂದವು.

ಟೀವಿ ಎಡಿಟಿಂಗ್ ಮಾಡುವ ಗೆಳೆಯನೊಬ್ಬನ ಹತ್ತಿರ ಇದನ್ನೇ ಹೇಳಿಕೊಂಡು ಗೊಣಗಿದೆ. ಅವನು ನಕ್ಕ. 'ಗುರುವಾರ ಟಿಆರ್‌ಪಿ ಬರುತ್ತೆ ಗುರು. ಹಳೇ ದೃಶ್ಯ ಹತ್ತು ಸೆಕೆಂಡು ಒಂದೇ ಸಮ ಓಡಿದ್ರೆ ಜನ ರಿಮೋಟ್ ಹುಡುಕ್ತಾರೆ. ಮಧ್ಯೆ ಒಂದು ಅಳೋ ಮುಖ ಹಾಕಿದ್ರೆ ಕೂತ್ಕೋತಾರೆ' ಅಂದ. ಇರಬಹುದು. ಆದರೆ 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಶುರುವಾದ ವಾರವೇ ದೂರದರ್ಶನದವರು ರಾಮಾಯಣ ಧಾರಾವಾಹಿಯನ್ನು ಮೊದಲಿಂದ ಹಾಕಿದರು. ಬಾಣ ಬಿಟ್ಟರೆ ಎದುರಿನ ಬಾಣಕ್ಕೆ ತಾಗಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಮಧ್ಯೆ ಯಾವ ಜಡ್ಜೂ ಬಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ದೇಶಕ್ಕೆ ದೇಶವೇ ಕೂತು ನೋಡಿತು. ಇದನ್ನು ಹೇಳಿದರೆ ಅವನು, 'ಆಗ ಎಲ್ಲಿಗೆ ಹೋಗೋಕಾಗ್ತಿತ್ತು?' ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ ಬಿಡಿ.

ಇನ್ನು ಬಣ್ಣದ ವಿಷಯ. ಹಳೆಯದು ಅಂದರೆ ಕಂದು ಬಣ್ಣವೇ ಆಗಿರಬೇಕು ಅಂತ ಯಾರು ಕಾನೂನು ಮಾಡಿದರೋ. ದೂರದರ್ಶನದ ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರಿನಲ್ಲಿ. ದೇಶದಲ್ಲಿ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ. ಅಂದರೆ ನಮ್ಮೂರಿನ ಟೀವಿ ಹುಟ್ಟಿದ ಮರುವರ್ಷವೇ ದೇಶದ ಟೀವಿಗೆ ಬಣ್ಣ ಬಂದಿತ್ತು. ಆದರೂ ಇವರು 1990ರ ಸಂದರ್ಶನಕ್ಕೂ ಕಾಫಿ ಡಿಕಾಕ್ಷನ್ ಚೆಲ್ಲಿಬಿಡುತ್ತಾರೆ. ಸಾಲದ್ದಕ್ಕೆ ಮೇಲಿಂದ ಕೆಳಗೆ ಗೀರುಗಳು, ಚುಕ್ಕೆಗಳು, ಪ್ರೊಜೆಕ್ಟರಿನ ಟರ್ ಟರ್ ಸದ್ದು. ಗೀರು ಬೀಳುವುದು ಸಿನಿಮಾ ರೀಲಿಗೆ. ವಿಡಿಯೋ ಟೇಪು ಹಾಳಾಗುವ ರೀತಿಯೇ ಬೇರೆ. ಅದರಲ್ಲಿ ಅಡ್ಡಡ್ಡ ಬಿಳಿ ಎಳೆಗಳು ಬರುತ್ತವೆ, ಚಿತ್ರದ ತಲೆ ಸೊಟ್ಟಗಾಗುತ್ತದೆ. ಅಸಲಿ ಗಾಯವನ್ನು ಕಂಪ್ಯೂಟರಿನಲ್ಲಿ ಒರೆಸಿ, ಆಮೇಲೆ ನಕಲಿ ಗಾಯ ಮಾಡುವ ಈ ಕಸರತ್ತು ನನಗೆ ಅರ್ಥವಾಗುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಪ್ರಸಾರ ಬಣ್ಣದ್ದಾದರೂ ಬಹಳ ಮನೆಗಳಲ್ಲಿ ಸೆಟ್ಟು ಕಪ್ಪು ಬಿಳುಪಿನದೇ ಇತ್ತು, ಅದೂ ಎಷ್ಟೋ ವರ್ಷ. ಶಟರ್ ಎಳೆಯುವ ಮರದ ಪೆಟ್ಟಿಗೆ, ತಾರಸಿ ಮೇಲಿನ ಆಂಟೆನಾ, ಕೆಳಗಿನಿಂದ 'ಬಂತು, ಬಂತು, ಹೋಯ್ತು' ಎಂಬ ಕೂಗು. ಅವರಿಗೆಲ್ಲ ದೂರದರ್ಶನದ ಚಿತ್ರಮಂಜರಿಯಲ್ಲಿ ಬರುತ್ತಿದ್ದ ಸಿನಿಮಾ ಹಾಡುಗಳು ಬೂದು ಬಣ್ಣದಲ್ಲೇ ನೆನಪಿರುತ್ತವೆ. ಹಾಗೆ ನೋಡಿದರೆ ಬಣ್ಣ ತೆಗೆಯುವ ಎಡಿಟರ್ ನಮ್ಮ ಸೆಟ್ಟಿಗೆ ನಿಯತ್ತಾಗಿದ್ದಾನೆ ಅನ್ನಬಹುದೇನೋ.

ಆಕಾರದ ಕಥೆ ಇನ್ನೂ ಮಜಾ. ಹಳೇ ಟೀವಿ ಚಿತ್ರ ಹೆಚ್ಚುಕಡಿಮೆ ಚೌಕ, 4:3. ಈಗಿನದು ಉದ್ದುದ್ದ, 16:9. ಹಳೆಯದನ್ನು ಹೊಸದರಲ್ಲಿ ಕೂರಿಸಲು ಮೂರು ದಾರಿ. ಒಂದು, ರೊಟ್ಟಿ ತಟ್ಟಿದ ಹಾಗೆ ಎರಡೂ ಕಡೆ ಎಳೆಯುವುದು. ಆಗ ಸಪೂರವಾಗಿದ್ದ ನಾಯಕರೆಲ್ಲ ದಿಢೀರನೆ ಗುಂಡಗಾಗುತ್ತಾರೆ, ಸೈಕಲ್ ಚಕ್ರ ಮೊಟ್ಟೆಯಾಗುತ್ತದೆ. ಇನ್ನೊಂದು, ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸುವುದು. ಚಿತ್ರದ ಕಾಲು ಭಾಗ ಹೀಗೇ ಹೋಗುತ್ತದೆ. ಹೋಗುವುದು ಯಾವುದು? ಮೇಲಿನ ಅಂಗಡಿ ಬೋರ್ಡು, ಕೆಳಗಿನ ಚಪ್ಪಲಿ. ನಾನು ನೋಡಬೇಕು ಅಂತಿದ್ದದ್ದೇ ಅವೆರಡನ್ನು. ಮೂರನೆಯದು, ಚೌಕವನ್ನು ಹಾಗೇ ಬಿಟ್ಟು ಪಕ್ಕದ ಖಾಲಿ ಜಾಗಕ್ಕೆ ಅದೇ ಚಿತ್ರವನ್ನು ಮಸುಕು ಮಾಡಿ ತುಂಬುವುದು. ಇದ್ದುದರಲ್ಲಿ ಇದೇ ಮರ್ಯಾದಸ್ಥ ದಾರಿ. ಸುಮ್ನೆ ಕಪ್ಪು ಬಿಟ್ಟರೂ ಆಗುತ್ತಿತ್ತು. ಆದರೆ ಕಾಸು ಕೊಟ್ಟು ಕೊಂಡ ಟೀವಿಯಲ್ಲಿ ಒಂದಿಂಚು ಖಾಲಿ ಇದ್ದರೂ ನಮಗೆ ಹೊಟ್ಟೆ ಉರಿಯುತ್ತದಲ್ಲ.

ಇಷ್ಟೆಲ್ಲ ಬೈದ ಮೇಲೆ, ಆ ಕ್ಲಿಪ್ ಸಿಕ್ಕಿದ್ದೇ ದೊಡ್ಡದು ಅನ್ನುವುದನ್ನೂ ಹೇಳಬೇಕು. ಟೇಪು ಆ ಕಾಲದಲ್ಲಿ ಬಲು ದುಬಾರಿ. ಅಳಿಸಿ ಮತ್ತೆ ಬಳಸುವುದು ಲೋಕದ ಎಲ್ಲ ಕಡೆ ಇದ್ದ ರೂಢಿ. ಬಿಬಿಸಿಯಂಥ ಬಿಬಿಸಿಯೇ 1960ರ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿಹಾಕಿತು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಮೂಲ ಟೇಪುಗಳನ್ನು ಹುಡುಕಿ ಹುಡುಕಿ ನಾಸಾದವರು ಕೊನೆಗೆ 2009ರಲ್ಲಿ, ಅವನ್ನು ಅಳಿಸಿ ಮರುಬಳಕೆ ಮಾಡಿರಬೇಕು ಎಂದು ಕೈಚೆಲ್ಲಿದರು. ಚಂದ್ರನಿಗೇ ಈ ಗತಿ ಅಂದಮೇಲೆ ನಮ್ಮ ಕವಿಗೋಷ್ಠಿಗಳನ್ನು ಯಾರು ಕೇಳುತ್ತಾರೆ?

ಉಳಿದ ಟೇಪೂ ಸುಮ್ಮನೆ ಉಳಿಯುವುದಿಲ್ಲ. ತೇವ ಹೀರಿದರೆ ಒಳಗಿನ ಅಂಟು ಬಿಡುತ್ತದೆ. ಅದನ್ನು ಮಷಿನ್ನಿಗೆ ಹಾಕಿದರೆ ಚಿತ್ರ ಬರೆದಿರುವ ಪುಡಿಯೇ ಕಿತ್ತು, ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಇದಕ್ಕೊಂದು ಮದ್ದಿದೆ: ಟೇಪನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಡುವುದು. ಹಾಗೆ ಬೇಯಿಸಿದ ಟೇಪು ಸ್ವಲ್ಪ ದಿನ ಓಡುತ್ತದೆ, ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಇನ್ನು ಓಡಿಸುವ ಮಷಿನ್ನು? ಸೋನಿಯವರು, ಟೀವಿಯವರು ಬಳಸುತ್ತಿದ್ದ ಬೀಟಾಕ್ಯಾಮ್ ಟೇಪಿನ ಯಂತ್ರಗಳ ಮಾರಾಟವನ್ನೇ 2016ರಲ್ಲಿ ನಿಲ್ಲಿಸಿದರು. ಇರುವ ಹಳೇ ಯಂತ್ರವನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಹೆಡ್ಡು ಒರೆಸಿ, ಮತ್ತೆ ಓಡಿಸಬಲ್ಲ ಮೆಕ್ಯಾನಿಕ್‌ಗಳೂ ಕಡಿಮೆಯಾಗುತ್ತಿದ್ದಾರೆ.

ಗೆಳೆಯ ಹೇಳುವ ಪ್ರಕಾರ, ಟೇಪ್ ಲೈಬ್ರರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಾಲು ಇರುವುದು 'ಇತರೆ' ಅಂತ ಚೀಟಿ ಅಂಟಿಸಿದ ಕ್ಯಾಸೆಟ್ಟಿನಲ್ಲಿ. ಮಂತ್ರಿಗಳ ಉದ್ಘಾಟನೆಗೆ ತಾರೀಕು, ಜಾಗ, ಹೆಸರು ಎಲ್ಲ ಇರುತ್ತದೆ. ಉದ್ಘಾಟನೆ ತಡವಾಯಿತು ಅಂತ ಕ್ಯಾಮೆರಾಮನ್ ಹೊತ್ತು ಕಳೆಯಲು ತೆಗೆದ ಕಡಲೆಕಾಯಿ ಪರಿಷೆ, ಗಾಂಧಿನಗರದ ಕಟೌಟು, ಮಳೆಯಲ್ಲಿ ತೋಯುವ ಮೆಜೆಸ್ಟಿಕ್ಕು, ಇವೆಲ್ಲ 'ಇತರೆ'.

ಏನೂ ಉಳಿಯದಿದ್ದಾಗ ಎಡಿಟರಿನ ಕಷ್ಟ ನೋಡಬೇಕು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಗೆ ಬಂದದ್ದು 1934ರಲ್ಲಿ, ಇದೇ ಬೆಂಗಳೂರಿನಲ್ಲಿ. ಅದರ ಪ್ರತಿ ಈಗ ಸಿಗುವುದಿಲ್ಲ. ಹಾಗಾಗಿ ಚಿತ್ರರಂಗದ ವರ್ಷಾಚರಣೆಯ ಯಾವ ಕಾರ್ಯಕ್ರಮದಲ್ಲಾದರೂ ಆ ಭಾಗ ಬಂದಾಗ ಪರದೆಯ ಮೇಲೆ ಅದೇ ಒಂದೆರಡು ಫೋಟೋ. ಮೊದಲು ನಿಧಾನಕ್ಕೆ ಒಳಗೆ ಹೋಗುತ್ತಾರೆ. ಆಮೇಲೆ ನಿಧಾನಕ್ಕೆ ಹೊರಗೆ ಬರುತ್ತಾರೆ. ಎಡದಿಂದ ಬಲಕ್ಕೊಂದು ಸಲ, ಬಲದಿಂದ ಎಡಕ್ಕೊಂದು ಸಲ. ಹಿಂದಿನಿಂದ ವಾಚಕರು 'ಇತಿಹಾಸ ಸೃಷ್ಟಿಸಿತು' ಅನ್ನುವವರೆಗೂ ಆ ಫೋಟೋ ಪಾಪ ಓಡಾಡುತ್ತಲೇ ಇರಬೇಕು.

ಸಿಕ್ಕರೂ ಹಾಕುವ ಹಾಗಿಲ್ಲ ಅನ್ನುವುದು ಇನ್ನೊಂದು ತಾಪತ್ರಯ. ಒಂದು ಸಿನಿಮಾದ ಹಕ್ಕು ಒಂದು ಚಾನೆಲ್ಲಿನ ಹತ್ತಿರ ಇರುತ್ತದೆ, ಹಾಡಿನ ಹಕ್ಕು ಕಂಪನಿಯ ಹತ್ತಿರ. ಅದಕ್ಕೇ ದೊಡ್ಡ ನಟರ ಸನ್ಮಾನದ ವಿಟಿಯಲ್ಲಿ ಅವರ ಅತಿ ದೊಡ್ಡ ಸಿನಿಮಾವೇ ಇರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಆ ಡೈಲಾಗನ್ನು ನಿರೂಪಕರು ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ಪ್ರೆಸ್‌ಮೀಟಿನ ಹಳೇ ದೃಶ್ಯವಾದರೆ, ನಟರ ಮುಂದಿನ ಮೈಕುಗಳ ಮೇಲಿರುವ ಎದುರಾಳಿ ಚಾನೆಲ್ಲುಗಳ ಲೋಗೋಗಳಿಗೆಲ್ಲ ಮಸುಕು. ನಟರು ಮಂಜಿನ ಗಡ್ಡೆಗಳ ಹಿಂದೆ ನಿಂತು ಮಾತಾಡಿದಂತೆ ಕಾಣುತ್ತದೆ. ನಮ್ಮ 1957ರ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. ಆದರೆ ಕಾಯ್ದೆ ಬಿಟ್ಟುಕೊಡುವ ಹೊತ್ತಿಗೆ ರೀಲು ಬಾಳಬೇಕಲ್ಲ.

ಹೀಗಾಗಿ ಪುಣ್ಯತಿಥಿ ಬಂದಾಗ ಕೊನೆಗೆ ಕೈಗೆ ಸಿಗುವುದು ಅವವೇ ನಾಲ್ಕೈದು ತುಣುಕು. ಏಪ್ರಿಲ್ 12 ಬಂದರೆ ರಾಜ್‌ಕುಮಾರ್ ಕೈಮುಗಿಯುವುದು. ಸೆಪ್ಟೆಂಬರ್ 30 ಬಂದರೆ ಶಂಕರ್‌ನಾಗ್ ನಗುವುದು. ಅಕ್ಟೋಬರ್ 29ಕ್ಕೆ ಪುನೀತ್. ಪುನೀತ್ ತುಣುಕು ಬಂದರೆ ಮಾತ್ರ ನಾನು ಆಕಾರ, ಬಣ್ಣ ಯಾವುದರ ಬಗ್ಗೆಯೂ ಗೊಣಗುವುದಿಲ್ಲ.

ಹಳೇ ಕ್ಲಿಪ್ಪನ್ನು ಅದರ ಪಾಡಿಗೆ ಬಿಟ್ಟರೆ ಎಷ್ಟು ಚೆಂದ ಅಂತ ಗೊತ್ತಾದದ್ದು 2020ರ ಸೆಪ್ಟೆಂಬರಿನಲ್ಲಿ, ಎಸ್‌ಪಿಬಿ ಹೋದಾಗ. ಅವರು ನಡೆಸಿಕೊಡುತ್ತಿದ್ದ ಈಟಿವಿ ಕನ್ನಡದ ಎದೆ ತುಂಬಿ ಹಾಡುವೆನು ಕಾರ್ಯಕ್ರಮದ ತುಣುಕುಗಳು ಎಲ್ಲೆಲ್ಲೂ ಓಡಾಡಿದವು. ನಾನು ನೋಡಿದ ಒಂದನ್ನು ಯಾರೂ ಕತ್ತರಿಸಿರಲಿಲ್ಲ. ಮಗು ಹಾಡಿ ಮುಗಿಸುತ್ತದೆ. ಅವರು ಮೊದಲು ನಗುತ್ತಾರೆ. ಎಲ್ಲಿ ಶ್ರುತಿ ಜಾರಿತು ಅಂತ ನೇರವಾಗಿ ಹೇಳದೆ, ಆ ಸಾಲನ್ನು ತಾವೇ ಒಂದು ಸಲ ಮೆಲ್ಲಗೆ ಹಾಡುತ್ತಾರೆ. ಮಗು ತಲೆಯಾಡಿಸುತ್ತದೆ. ವಾದ್ಯದವರೊಬ್ಬರು ಹಿಂದೆ ನೀರು ಕುಡಿಯುತ್ತಾರೆ. ಅದರಲ್ಲಿ ಕೊಳಲೂ ಇರಲಿಲ್ಲ, ಕಂದು ಬಣ್ಣವೂ ಇರಲಿಲ್ಲ.

1961ರಲ್ಲಿ ರಾಣಿ ಎಲಿಜಬೆತ್ ಬೆಂಗಳೂರಿಗೆ ಬಂದಾಗಿನ ದೃಶ್ಯಗಳೂ ಹೀಗೇ. ರಾಣಿ ಕೈಬೀಸುತ್ತಾರೆ, ಸರಿ. ನಾನು ರಸ್ತೆ ಬದಿಯ ಜನರನ್ನೇ ಹಿಂದೆ ಮುಂದೆ ಓಡಿಸಿ ನೋಡುತ್ತೇನೆ. ಪಂಚೆ ಎಷ್ಟು, ಪ್ಯಾಂಟು ಎಷ್ಟು, ತಲೆಗೆ ಪೇಟ ಯಾರಿಗೆ. ಪ್ರಸಾರ ಭಾರತಿಯವರೂ ತಮ್ಮ ಭಂಡಾರದಿಂದ ಒಂದಷ್ಟನ್ನು ಯೂಟ್ಯೂಬಿಗೆ ಹಾಕಿದ್ದಾರೆ. ಅಲ್ಲಿ ಬೇಕಾದಲ್ಲಿ ನಿಲ್ಲಿಸಬಹುದು. ನಿಲ್ಲಿಸಿದರೆ ನಮ್ಮ ಮನೆಯಲ್ಲಿ ಜಗಳ ಶುರು: ಇದು ಆನಂದರಾವ್ ಸರ್ಕಲ್ಲೋ, ಹಡ್ಸನ್ ಸರ್ಕಲ್ಲೋ.

ಈಗಿನ ಶೋಗಳಿಂದ ಮುಂದಿನವರಿಗೆ ಏನು ಸಿಗುತ್ತದೆ ಅಂತ ಯೋಚಿಸಿದರೆ ನಗು ಬರುತ್ತದೆ. ಎಲ್ಲ ಸ್ಟುಡಿಯೋ ಒಳಗೆ. ಹಿಂದೆ ಎಲ್‌ಇಡಿ ಪರದೆ, ಅದರಲ್ಲಿ ಎಲ್ಲಿಯದೋ ಬೆಟ್ಟ. ಬೆಂಗಳೂರಿನ ಒಂದು ಗೋಡೆಯೂ ಕಾಣುವುದಿಲ್ಲ. 2060ರಲ್ಲಿ ಯಾರಾದರೂ ನಮ್ಮ ಕಾಲದ ವಿಟಿ ಮಾಡಲು ಕೂತರೆ ಅವರಿಗೆ ಸಿಗುವುದು, ಹಳೇ ಕ್ಲಿಪ್ ನೋಡಿ ಕಣ್ಣೊರೆಸಿಕೊಳ್ಳುತ್ತಿರುವ ಜಡ್ಜುಗಳು. ಪುಣ್ಯಕ್ಕೆ ಕಾರುಗಳಲ್ಲಿ ಡ್ಯಾಶ್‌ಕ್ಯಾಮ್ ಬಂದಿವೆ. ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ ಸಂಜೆ ಹೊತ್ತು ಸಾಲಾಗಿ ನಿಂತ ಆ ಕ್ಯಾಮೆರಾಗಳು ಬಸ್ಸು, ಬೋರ್ಡು, ಬಾಳೆಹಣ್ಣಿನ ಗಾಡಿ, ಫುಟ್‌ಪಾತಿನ ಮೇಲೆ ಹತ್ತಿದ ಸ್ಕೂಟರು ಎಲ್ಲವನ್ನೂ ಒಂದೇ ಫ್ರೇಮಿನಲ್ಲಿ, ಒಂದಿಷ್ಟೂ ಅಲುಗಾಡದೆ, ಕಟ್ ಇಲ್ಲದೆ ಮುಕ್ಕಾಲು ಗಂಟೆ ತೆಗೆಯುತ್ತವೆ.