ಸ್ವಾಗತ, ಸ್ವಲ್ಪ ಪಾದ ತೋರಿಸಿ

ಇಲ್ಲಿ ಅಮೆರಿಕದಲ್ಲಿ ಎಲೆ ಉದುರುವ ಕಾಲ ಬಂತು ಅಂದರೆ ಪಾರ್ಕಿನ ಗೇಟಿಗೆ ಬೋರ್ಡು ಬೀಳುತ್ತದೆ: 'ವಲಸೆ ಹಕ್ಕಿಗಳಿಗೆ ಸ್ವಾಗತ'. ಹಕ್ಕಿಗೆ ಓದೋಕೆ ಬರಲ್ಲ, ಅದರ ಪುಣ್ಯ. ಬಂದಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿರುವ ಪ್ರಾಯೋಜಕರ ಹೆಸರನ್ನೂ ಓದಿಬಿಡುತ್ತಿತ್ತು. ಪ್ರಾಯೋಜಕರು ಅಂದರೆ ರಸ್ತೆಯ ಆಚೆಗೆ ನಿಂತಿರುವ ಗಾಜಿನ ಕಟ್ಟಡದವರೇ.

ಬೆಳಗ್ಗೆ ಆರಕ್ಕೆ ಹೋದರೆ ಒಂದು ಪೊದೆಯ ಸುತ್ತ ನಲವತ್ತು ಜನ, ನಾನೂ ಸೇರಿದಂತೆ. ಎಲ್ಲರ ಕೈಯಲ್ಲೂ ಫಿರಂಗಿಯಂಥ ಲೆನ್ಸು, ಜೇಬಿನಲ್ಲಿ ಇದುವರೆಗೆ ನೋಡಿದ ಹಕ್ಕಿಗಳ ಲಿಸ್ಟು. ಪೊದೆಯೊಳಗಿರುವ ಜೀವದ ತೂಕ ಸುಮಾರು 12 ಗ್ರಾಂ, ಲೆನ್ಸಿನ ಮುಚ್ಚಳವೇ ಅದಕ್ಕಿಂತ ಭಾರ. ಅದೊಂದು ವಾರ್ಬ್ಲರ್, ಹುಳ ತಿನ್ನುವ ಪುಟ್ಟ ಹಕ್ಕಿ, ಇಷ್ಟಕ್ಕೆ ಎಲ್ಲರ ಒಪ್ಪಿಗೆ ಇದೆ. ಯಾವ ವಾರ್ಬ್ಲರ್ ಅನ್ನೋದೇ ಜಗಳ. ವಸಂತದಲ್ಲಾದರೆ ಬ್ಲ್ಯಾಕ್‌ಪೋಲ್ ಗಂಡು ತಲೆಗೆ ಕಪ್ಪು ಟೋಪಿ ಹಾಕಿಕೊಂಡಿರುತ್ತದೆ, ಬೇ-ಬ್ರೆಸ್ಟೆಡ್ ಗಂಡಿಗೆ ಕಂದು ಎದೆ, ಮಕ್ಕಳೂ ಗುರುತಿಸುತ್ತಾರೆ. ಈಗ ಎರಡೂ ಮಾಸಿದ ಹಸಿರು-ಹಳದಿ ಅಂಗಿ ತೊಟ್ಟು ಅವಳಿ-ಜವಳಿ ಆಗಿವೆ. ಬ್ಲ್ಯಾಕ್‌ಪೋಲ್ ಆದರೆ ಪಾದ ಹಳದಿ. ಪಾದ ಮಾತ್ರ ಎಲೆಯ ಹಿಂದೆ. ಇಪ್ಪತ್ತು ನಿಮಿಷ ವಾದ ನಡೆಯಿತು, ಪಾದ ಕಾಣಲಿಲ್ಲ.

ಆಗ ಒಬ್ಬರು ಫೋನ್ ತೆಗೆದು ಬ್ಲ್ಯಾಕ್‌ಪೋಲ್ ಹಾಡು ಹಾಕಿದರು. ಅದು ಹೆಣ್ಣನ್ನು ಕರೆಯುವ, 'ಇದು ನನ್ನ ಜಾಗ' ಅಂತ ಇನ್ನೊಂದು ಗಂಡನ್ನು ಓಡಿಸುವ ಹಾಡು, ಗೂಡು ಕಟ್ಟುವ ಕಾಲದ್ದು. ಈಗ ಹಕ್ಕಿಗೆ ಇರುವುದು ಒಂದೇ ಕೆಲಸ, ತಿನ್ನೋದು. ಅದು ಬ್ಲ್ಯಾಕ್‌ಪೋಲೇ ಆಗಿದ್ದರೆ ಮುಂದೆ ಅಟ್ಲಾಂಟಿಕ್ ಸಮುದ್ರದ ಮೇಲೆ ಎರಡು-ಮೂರು ದಿನ ಎಲ್ಲೂ ಇಳಿಯದೆ, ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ಹಾರಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ಇದೇ ಪೊದೆಯ ಹುಳಗಳಿಂದ ಕೂಡಿಸಿಕೊಳ್ಳಬೇಕು. ನಾವು ಅದನ್ನು ಇಂಟರ್‌ವ್ಯೂಗೆ ಕೂರಿಸಿದ್ದೇವೆ. ಪಕ್ಕದಲ್ಲಿ ಪಾರ್ಕಿನವರು ಬ್ಲೋವರ್ ಹಿಡಿದು ಒಣಗಿದ ಎಲೆಗಳನ್ನು, ಅದರಲ್ಲಿದ್ದ ಹುಳಗಳ ಸಮೇತ, ಮೂಟೆ ಕಟ್ಟುತ್ತಿದ್ದರು. ಅತಿಥಿಗಳು ಬರುವಾಗ ಜಾಗ ಕ್ಲೀನಾಗಿರಬೇಕು, ಅಲ್ವಾ?

ರಾತ್ರಿಯ ಸತ್ಕಾರ ಇನ್ನೂ ಜೋರು. ಇಂಥ ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿಯೇ ಹಾರುತ್ತವೆ, ದಾರಿಗೆ ನಕ್ಷತ್ರಗಳನ್ನೂ ಭೂಮಿಯ ಕಾಂತ ಶಕ್ತಿಯನ್ನೂ ನೆಚ್ಚಿಕೊಂಡು. ನಾವು ನಕ್ಷತ್ರ ಕಾಣದಷ್ಟು ಲೈಟು ಹಾಕಿ, ಆ ಲೈಟಿಗೆ ಮರುಳಾಗಿ ಇಳಿದ ಹಕ್ಕಿಗೆ ಬೆಳಗ್ಗೆ ಗಾಜಿನಲ್ಲಿ ಪಾರ್ಕನ್ನೇ ತೋರಿಸುತ್ತೇವೆ. ಅದೇ ಮರ, ಅದೇ ಆಕಾಶ. ಹಕ್ಕಿ ನಂಬಿ ಹೋಗುತ್ತದೆ. 2023ರ ಅಕ್ಟೋಬರ್ 5ರಂದು ಚಿಕಾಗೊದ ಮೆಕಾರ್ಮಿಕ್ ಪ್ಲೇಸ್ ಅನ್ನೋ ಒಂದೇ ಕಟ್ಟಡಕ್ಕೆ ಬಡಿದು ಹತ್ತಿರ ಹತ್ತಿರ ಸಾವಿರ ಹಕ್ಕಿ ಸತ್ತವು. ಮರುವರ್ಷ ಅಲ್ಲಿ ಗಾಜಿಗೆ ಸಣ್ಣ ಚುಕ್ಕಿಗಳ ಫಿಲ್ಮ್ ಅಂಟಿಸಿದರು, ಸಾವು ಸರ್ರನೆ ಇಳಿಯಿತು. ಇಷ್ಟೇ ಮದ್ದು. ಚುಕ್ಕಿ.

ನಮ್ಮ ಪ್ರಾಯೋಜಕರಿಗೂ ಯಾರೋ ಇದನ್ನು ಹೇಳಿದರಂತೆ. ಚುಕ್ಕಿ ಅಂಟಿಸಿದರೆ ಒಳಗಿನಿಂದ ನೋಟ ಕೆಡುತ್ತದೆ ಅಂದರಂತೆ. ಯಾವುದರ ನೋಟ ಸ್ವಾಮಿ? ಪಾರ್ಕಿನದ್ದು, ಅಲ್ಲಿ ಬರುವ ಹಕ್ಕಿಗಳದ್ದು.

ಇತ್ತ ಹಾಡು ಮೂರನೇ ಸಲ ಶುರುವಾದಾಗ ನಮ್ಮ ಹಕ್ಕಿ ಪೊದೆಯಿಂದ ಚಿಮ್ಮಿ ರಸ್ತೆ ದಾಟಿತು. ನಲವತ್ತು ಜನವೂ ಹಿಂದೆ ಓಡಿದೆವು. ಗಾಜಿನ ಗೋಡೆಯ ಕೆಳಗೆ ಅದು ಅಂಗಾತ ಮಲಗಿತ್ತು. ಪಾದ ಎರಡೂ ಮೇಲೆ, ಸ್ಪಷ್ಟವಾಗಿ ಹಳದಿ.

"ನಾನು ಹೇಳಲಿಲ್ವಾ?" ಅಂದರು ಹಾಡು ಹಾಕಿದವರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು, "ಇದನ್ನ ಲಿಸ್ಟಿಗೆ ಸೇರಿಸಬಹುದಾ?"