ಮಧ್ಯಾಹ್ನ ಎರಡು ಗಂಟೆಯ ಹುಣ್ಣಿಮೆ

ಅಮೆರಿಕದ ನಮ್ಮ ಈ ಸಣ್ಣ ಊರಿನ ಮ್ಯೂಸಿಯಂನಲ್ಲಿ ಮೊನ್ನೆ ಶನಿವಾರ ಚೀನೀಯರ ಚಂದ್ರನ ಹಬ್ಬವನ್ನು ಆಚರಿಸಿದರು. ಆಚರಿಸಿದ್ದು ಮಧ್ಯಾಹ್ನ ಎರಡು ಗಂಟೆಗೆ, ಒಂದೂ ಕಿಟಕಿಯಿಲ್ಲದ ಸಭಾಂಗಣದಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಚಂದ್ರನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಆಹ್ವಾನವಿತ್ತು.

ಚೀನೀ ಪಂಚಾಂಗದ ಎಂಟನೆಯ ತಿಂಗಳ ಹದಿನೈದನೆಯ ದಿನ ಮನೆಮಂದಿಯೆಲ್ಲ ಒಂದೆಡೆ ಸೇರಿ, ಉಂಡು, ರಾತ್ರಿ ಹೊರಗೆ ಕುಳಿತು ಚಂದ್ರನನ್ನು ನೋಡುವುದೇ ಈ ಹಬ್ಬದ ತಿರುಳು. ಚೀನಾದಲ್ಲಿ 2008ರಿಂದ ಅದಕ್ಕೆ ಸರ್ಕಾರಿ ರಜೆಯೂ ಇದೆ. ಇಲ್ಲಿ ನಾವು ನೋಡಿದ್ದು ಗೋಡೆಗೆ ಅಂಟಿಸಿದ್ದ ರಟ್ಟಿನ ಚಂದ್ರನನ್ನು. ಚಂದ್ರನಲ್ಲಿ ಕುಳಿತು ಅಮರತ್ವದ ಮದ್ದು ಕುಟ್ಟುವ ಮೊಲದ ಕಥೆ ಕೇಳಿದ ಹುಡುಗಿಯೊಬ್ಬಳು ಮೊಲ ಎಲ್ಲಿದೆ ಎಂದು ಕೇಳಿದಾಗ ಕಾರ್ಯಕರ್ತರು ಆ ರಟ್ಟನ್ನೇ ತೋರಿಸಿದರು. ಶಶಾಂಕನ ಮೊಲವನ್ನು ಅಜ್ಜಿಯ ತೊಡೆಯ ಮೇಲೆ ಮಲಗಿ ಆಕಾಶದಲ್ಲೇ ಹುಡುಕಿದವನಿಗೆ ಸಿಟ್ಟು ಬಾರದಿರುತ್ತದೆಯೇ? (2013ರಲ್ಲಿ ಚೀನಾ ಚಂದ್ರನ ಮೇಲೆ ಇಳಿಸಿದ ರೋವರಿಗೂ ಇದೇ ಮೊಲದ ಹೆಸರು, ಯುಟು. ಅವರು ಅಷ್ಟು ದೂರ ಹೋದರು, ನಮ್ಮವರಿಗೆ ಅಂಗಳಕ್ಕೆ ಬರಲಾಗಲಿಲ್ಲ.)

ಈ ಹಬ್ಬದ ಸಿಹಿತಿಂಡಿಯಾದ ಮೂನ್‌ಕೇಕಿನ ವಿಷಯದಲ್ಲಿ ದೂರಿಲ್ಲ. ತಾವರೆ ಬೀಜದ ಹೂರಣ, ನಟ್ಟನಡುವೆ ಉಪ್ಪಿನಲ್ಲಿ ಹಾಕಿಟ್ಟ ಬಾತುಕೋಳಿ ಮೊಟ್ಟೆಯ ದುಂಡನೆಯ ಹಳದಿ. ಅದನ್ನು ಎಂಟು ಪಾಲು ಮಾಡುತ್ತಿದ್ದ ಚೀನೀ ಅಜ್ಜಿ ಆ ಹಳದಿಯನ್ನು ಚಾಕುವಿನ ತುದಿಯಿಂದ ತೋರಿಸಿ, ಇವತ್ತಿಗೆ ಇದೇ ಚಂದ್ರ ಎಂದು ನಕ್ಕರು. ಚಂದ್ರನಿಲ್ಲವೆಂದು ಬಾಯಿಬಿಟ್ಟು ಒಪ್ಪಿಕೊಂಡವರು ಅವರೊಬ್ಬರೇ.

ಸಂಜೆಯ ಮೇಲೆ ಕಟ್ಟಡ ತೆರೆದಿಟ್ಟರೆ ಖರ್ಚು, ಮಕ್ಕಳೂ ಬೇಗ ಮಲಗಬೇಕು ಎಂದು ಗೆಳೆಯರೊಬ್ಬರು ಸಮಜಾಯಿಷಿ ಕೊಟ್ಟರು. ಕಟ್ಟಡ ತೆರೆಯಿರಿ ಎಂದವರಾರು? ಕಾರು ನಿಲ್ಲಿಸುವ ಬಯಲಿನಲ್ಲಿ ನಾಲ್ಕು ಚಾಪೆ ಹಾಸಿದ್ದರೆ ಸಾಕಿತ್ತು. ಇದೇ ಮಕ್ಕಳು ಹ್ಯಾಲೋವೀನಿನ ರಾತ್ರಿ ಒಂಬತ್ತರವರೆಗೆ ಬೀದಿ ಸುತ್ತುವಾಗ ಯಾರ ನಿದ್ದೆಯೂ ಕೆಡುವುದಿಲ್ಲ.

ಇಷ್ಟೆಲ್ಲ ಬೈಯುವ ನಾನು ಯಾವ ಸುಭಗ? 2025ರಲ್ಲಿ ಚೀನೀಯರಿಗೆ ಆರನೆಯ ತಿಂಗಳು ಅಧಿಕವಾಗಿ ಬಂದದ್ದರಿಂದ ಅವರ ಹಬ್ಬ ನಮ್ಮ ಶೀಗಿ ಹುಣ್ಣಿಮೆಗೇ ಬಂದು ಕೂಡಿದೆ. ನಮ್ಮ ಸಾಗರದ ಕಡೆ ಅದು ಭೂಮಿ ಹುಣ್ಣಿಮೆ. ಬಸುರಿ ಗದ್ದೆಯ ಬಯಕೆ ತೀರಿಸಲು, ಚಿತ್ತಾರ ಬರೆದು ಎಡೆ ತುಂಬಿದ ಭೂಮಣ್ಣಿ ಬುಟ್ಟಿ ಹೊತ್ತವರ ಹಿಂದೆ ನಸುಕಿನಲ್ಲೇ ನಡೆದು ಹೋಗುತ್ತಿದ್ದೆವು. ಕಳೆದ ಹದಿನೆಂಟು ವರ್ಷಗಳಲ್ಲಿ ಆ ದಿನ ಯಾವಾಗ ಬರುತ್ತದೆಂದು ನಾನು ಒಮ್ಮೆಯೂ ಪಂಚಾಂಗ ತೆರೆದು ನೋಡಿರಲಿಲ್ಲ. ಈ ಸಲ ನೋಡಿದ್ದು ಮ್ಯೂಸಿಯಂನವರೊಂದಿಗೆ ಜಗಳಕ್ಕೆ ಪುರಾವೆ ಬೇಕಾಗಿ.

ನಿಜವಾದ ಹುಣ್ಣಿಮೆ ಇಂದು, 2025ರ ಅಕ್ಟೋಬರ್ 6. ಚಂದ್ರ ಮೂಡಿದ ಮೇಲೆ ತಿನ್ನೋಣವೆಂದು ಆ ಅಜ್ಜಿಯಿಂದ ಕಟ್ಟಿಸಿಕೊಂಡು ತಂದಿದ್ದ ಪಾಲನ್ನು ನಿನ್ನೆ ಮಧ್ಯಾಹ್ನ, ಸುಮಾರು ಎರಡು ಗಂಟೆಗೆ, ತಿಂದು ಮುಗಿಸಿದ್ದೇನೆ.