ಮಾಂಸ ಬಿಟ್ಟೆ, ವೇಗ ಹೆಚ್ಚಿತು, ಆಮೇಲೆ ಫೆರಿಟಿನ್ 11

ಮಾಂಸ ಬಿಟ್ಟ ಮೂರನೇ ತಿಂಗಳಿಗೆ ನನ್ನ ಹತ್ತು ಕಿಲೋಮೀಟರ್ ಓಟ 64 ನಿಮಿಷದಿಂದ 59ಕ್ಕೆ ಇಳಿಯಿತು. ಒಂದು ಗಂಟೆಯ ಗೆರೆ ದಾಟಿದ್ದು ಜೀವನದಲ್ಲಿ ಅದೇ ಮೊದಲು. ಆ ದಿನಗಳಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸಸ್ಯಾಹಾರದ ಪಾಠ ಮಾಡಿದ್ದೇ ಮಾಡಿದ್ದು. ಮಾಂಸ ತಿನ್ನುವುದನ್ನು ಬಿಟ್ಟವಳು ಜನರ ತಲೆ ತಿನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಎಂಟನೇ ತಿಂಗಳಿಗೆ ಅದೇ ದಾರಿ, ಅದೇ ಶೂ. 63 ನಿಮಿಷ. ಮುಂದಿನ ತಿಂಗಳು 66. ಎರಡನೇ ಮಹಡಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ಒಂಬತ್ತಕ್ಕೇ ಕಣ್ಣು ಎಳೆಯುತ್ತಿತ್ತು, ಬೆಳಿಗ್ಗೆ ಎದ್ದರೂ ಸುಸ್ತು ಹೋಗುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಪರವಾಗಿಲ್ಲ ಎನ್ನುವಷ್ಟಿತ್ತು. ಫೆರಿಟಿನ್, ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣಾಂಶದ ಲೆಕ್ಕ, ಬರೀ 11. ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ ಊಟದಲ್ಲಿ ಏನಿರುತ್ತದೆ ಎಂದಲ್ಲ. "ಊಟ ಆದ ತಕ್ಷಣ ಕಾಫಿ ಕುಡೀತೀರಾ?" ಅಂದರು.

ಕುಡಿಯುತ್ತಿದ್ದೆ. ಅದೂ ದೊಡ್ಡ ಲೋಟದಲ್ಲಿ.

ಮನೆಗೆ ಬಂದು ಓಟದ ಡೈರಿ ತೆಗೆದು ಕೂತೆ. 64 ಇದ್ದದ್ದು 59ಕ್ಕೆ ಇಳಿದ ಆ ಮೂರು ತಿಂಗಳಲ್ಲಿ ನಿಜಕ್ಕೂ ಏನೇನಾಗಿತ್ತು? ವಾರಕ್ಕೆ ಎರಡು ದಿನ ಓಡುತ್ತಿದ್ದವಳು ನಾಲ್ಕು ದಿನ ಓಡಿದ್ದೆ. ಮೂರು ಕಿಲೋ ತೂಕ ಇಳಿದಿತ್ತು. ರಾತ್ರಿ ಹತ್ತರ ಮೇಲೆ ತಿನ್ನುವ ಚಟ ನಿಂತಿತ್ತು. ಇದೆಲ್ಲದರ ಜೊತೆಗೆ ಮಾಂಸವೂ ಬಿಟ್ಟಿತ್ತು. ನಾಲ್ಕು ಜನ ಸೇರಿ ತಳ್ಳಿದ ಗಾಡಿಗೆ ನಾನು ಒಬ್ಬನಿಗೆ ಮಾತ್ರ ಹಾರ ಹಾಕಿದ್ದೆ.

ಇದು ನನ್ನೊಬ್ಬಳ ದಡ್ಡತನವೇನಲ್ಲ. 1907ರ ಸುಮಾರಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಒಂದು ಪರೀಕ್ಷೆ ಮಾಡಿದರು. ಮಾಂಸ ತಿನ್ನುವವರನ್ನೂ ತಿನ್ನದವರನ್ನೂ ನಿಲ್ಲಿಸಿ, ಎರಡೂ ಕೈಗಳನ್ನು ಪಕ್ಕಕ್ಕೆ ನೇರವಾಗಿ ಚಾಚಿ ಹಿಡಿಯಲು ಹೇಳಿದರು. ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು. ಮಾಂಸ ತಿನ್ನುವವರಲ್ಲಿ ಒಬ್ಬರೂ ಅರ್ಧ ಗಂಟೆ ಮುಟ್ಟಲಿಲ್ಲ. ತಿನ್ನದವರಲ್ಲಿ ಒಬ್ಬ ಮೂರು ಗಂಟೆ ದಾಟಿದ! ಕೇಳಿದರೆ ಅಬ್ಬಾ ಅನ್ನಿಸುತ್ತದೆ, ಅಲ್ವಾ? ಆದರೆ ಯೋಚಿಸಿ. ಮಾಂಸ ಬಿಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನಿಗೆ ಅಲ್ಲಿ ಮಾನದ ಪ್ರಶ್ನೆ. ಎದುರಿಗಿದ್ದವನಿಗೆ ಸುಮ್ನೆ ಕೈ ನೋವು. ಮನೆಯಲ್ಲಿ ನಾನೂ ಕೈ ಚಾಚಿ ನಿಂತು ನೋಡಿದೆ. ನಾಲ್ಕನೇ ನಿಮಿಷಕ್ಕೆ ಭುಜ ಉರಿಯತೊಡಗಿತು, ಏಳನೇ ನಿಮಿಷಕ್ಕೆ ಬೆರಳು ನಡುಗಿದವು, ಒಂಬತ್ತಕ್ಕೆ ಕೈ ತಾನಾಗಿ ಕೆಳಗೆ ಬಂತು. ಯಾರಾದರೂ ನೋಡುತ್ತಿದ್ದರೆ ಇನ್ನೂ ಐದು ನಿಮಿಷ ಖಂಡಿತ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಶಪಥ ಮಾಡಿದವರ ಕೈ ಬೇಗ ಇಳಿಯುವುದಿಲ್ಲ. ಆ ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದೂ ಇದೇ ಇರಬೇಕು. ಎಲ್ಲರಿಗೂ ಹೇಳಿಕೊಂಡಿದ್ದೆನಲ್ಲ!

ಈಚೆಗೆ ಇದನ್ನು ಹೆಚ್ಚು ಜಾಗ್ರತೆಯಿಂದ ನೋಡಿದ್ದು ಸ್ಟ್ಯಾನ್‌ಫರ್ಡ್‌ನವರು. 2022ರಲ್ಲಿ ಪ್ರಕಟವಾದ ಅಧ್ಯಯನ. ಅದರಲ್ಲಿದ್ದವರು ಒಲಿಂಪಿಕ್ ತಾರೆಗಳಲ್ಲ. ನಮ್ಮಂಥ ಹವ್ಯಾಸಿಗಳು 24 ಜನ, ಅರ್ಧ ಓಟಗಾರರು, ಅರ್ಧ ಜಿಮ್‌ನವರು. ಪ್ರತಿಯೊಬ್ಬರೂ ಮೂರು ಬಗೆಯ ಊಟವನ್ನು ಒಂದಾದ ಮೇಲೊಂದು ನಾಲ್ಕು ನಾಲ್ಕು ವಾರ ಮಾಡಿದರು. ಒಂದರಲ್ಲಿ ಮಾಂಸ ಇತ್ತು. ಒಂದರಲ್ಲಿ ಗಿಡಗಳಿಂದ ಮಾಡಿದ ನಕಲಿ ಮಾಂಸ. ಇನ್ನೊಂದು ಕಾಳು, ತರಕಾರಿ, ಧಾನ್ಯದ ಊಟ. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡುತ್ತಾರೆ, ಜಿಮ್ ಮೆಷಿನ್‌ನಲ್ಲಿ ಎಷ್ಟು ಭಾರ ಎತ್ತುತ್ತಾರೆ ಎಂದು ಅಳೆದರು. ಹೇಳಿಕೊಳ್ಳುವಂಥ ವ್ಯತ್ಯಾಸ ಯಾವುದರಲ್ಲೂ ಕಾಣಲಿಲ್ಲ. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸದೆ ಅವರನ್ನು ಅವರಿಗೇ ಹೋಲಿಸಿದ್ದು ನನಗೆ ಹಿಡಿಸಿತು.

ಆದರೆ ನಾಲ್ಕು ವಾರದಲ್ಲಿ ನನ್ನಂಥವರ ಕಥೆ ಸಿಕ್ಕಿಬೀಳುವುದಿಲ್ಲ. ನಾಲ್ಕು ವಾರಕ್ಕೆ, ಹನ್ನೆರಡು ವಾರಕ್ಕೆ ನಾನೂ ಚೆನ್ನಾಗಿಯೇ ಇದ್ದೆ. ಕಬ್ಬಿಣಾಂಶ ನಿಧಾನವಾಗಿ ಖಾಲಿಯಾಗುತ್ತದೆ. ಬಿ12 ವಿಟಮಿನ್ ಇನ್ನೂ ನಿಧಾನ. ಲಿವರ್‌ನಲ್ಲಿ ಅದರ ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಹಾಗಾಗಿ ಹಾಲು, ಮೊಟ್ಟೆಯನ್ನೂ ಬಿಟ್ಟ ವೀಗನ್ ಸ್ನೇಹಿತರು ಮೊದಲ ವರ್ಷ "ನೋಡಿ, ಮಾತ್ರೆಯೇ ಇಲ್ಲದೆ ಹೇಗಿದ್ದೀನಿ" ಎನ್ನುವುದು ಸಹಜ. ಗಿಡಗಳಲ್ಲಿ ಬಿ12 ಸಿಗುವುದಿಲ್ಲ, ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಬೇಕೇಬೇಕು. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇದೆ ಎನ್ನುತ್ತಾರಲ್ಲ, ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಬಾರದ ಹುಸಿ ಬಿ12.

ಕಬ್ಬಿಣಾಂಶದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ಮಾಂಸದಲ್ಲಿರುವ ಹೀಮ್ ಕಬ್ಬಿಣವನ್ನು ಕರುಳು ಸಲೀಸಾಗಿ ಹೀರುತ್ತದೆ. ಸೊಪ್ಪು, ಕಾಳಿನ ಕಬ್ಬಿಣಕ್ಕೆ ಹಾಗಲ್ಲ, ಜೊತೆಯಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಅದರ ಹಣೆಬರಹ. ನಿಂಬೆಹಣ್ಣು, ಕಿತ್ತಳೆ ಇದ್ದರೆ ಒಳಗೆ ಬಿಡುತ್ತದೆ, ಕಾಫಿ, ಟೀ ಇದ್ದರೆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಇದರ ಮೇಲೆ ಓಟದ್ದೇ ಒಂದು ತರಲೆ. ಜೋರಾಗಿ ಓಡಿದ ಮೇಲೆ ಕೆಲವು ಗಂಟೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ತಿಂಗಳು ತಿಂಗಳು ಮುಟ್ಟಾಗುವ ಹೆಂಗಸರಿಗಂತೂ ನಷ್ಟ ಜಾಸ್ತಿ. ನಾನೋ, ಓಡಿ ಬಂದು ಕಾಳಿನ ಊಟ ಮಾಡಿ ಅದರ ಮೇಲೆ ಕಾಫಿ ಸುರಿಯುತ್ತಿದ್ದೆ. ಕಬ್ಬಿಣ ತಿನ್ನುತ್ತಿದ್ದೆ, ದಕ್ಕುತ್ತಿರಲಿಲ್ಲ.

ಹಾಗಂತ ಮಾಂಸದ ಪಕ್ಷದವರು ಗೆದ್ದರು ಅಂದುಕೊಳ್ಳಬೇಡಿ. ನನ್ನ ಜೊತೆ ಓಡುವ ಒಬ್ಬ ಸ್ನೇಹಿತ ಇದ್ದಾನೆ. ಅನ್ನ, ಬ್ರೆಡ್ಡು, ಹಣ್ಣು ಎಲ್ಲ ವಿಷ, ಮೊಟ್ಟೆ ಮತ್ತು ಮಾಂಸ ಮಾತ್ರ ನಿಜವಾದ ಊಟ ಎನ್ನುತ್ತಿದ್ದ. ಕಳೆದ ಹಾಫ್ ಮ್ಯಾರಥಾನ್‌ನಲ್ಲಿ 15ನೇ ಕಿಲೋಮೀಟರ್ ಹತ್ತಿರ ರಸ್ತೆ ಬದಿ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು, ಶೂ ಲೇಸ್ ಕಟ್ಟಲು ಹೋಗಿ ಮೂರು ಸಲ ತಪ್ಪಿದ. ಯಾರೋ ಕೊಟ್ಟ ಬಾಳೆಹಣ್ಣು ತಿಂದು ಹತ್ತು ನಿಮಿಷಕ್ಕೆ ಎದ್ದ. ಬಾಳೆಹಣ್ಣು ವಿಷ ಅಲ್ವೇನೋ ಅಂತ ನಾನು ಕೇಳಲಿಲ್ಲ. ಅಂದು ಮಾತ್ರ.

ಅವನಿಗಾದದ್ದು 1960ರ ದಶಕದಲ್ಲೇ ಸ್ವೀಡನ್ನಿನ ಪ್ರಯೋಗಶಾಲೆಯಲ್ಲಿ ಗೊತ್ತಾಗಿದ್ದ ವಿಷಯ. ಬರ್ಗ್‌ಸ್ಟ್ರಾಮ್ ಮತ್ತು ಹುಲ್ಟ್‌ಮನ್ ಬಳಗದವರು ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ಚೂರು ತೆಗೆದು, ಅದರಲ್ಲಿ ಎಷ್ಟು ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಂಡ ಕಾರ್ಬೋಹೈಡ್ರೇಟ್, ಇದೆ ಎಂದು ನೋಡಿದರು. ಪ್ರೋಟೀನ್, ಕೊಬ್ಬು ಮಾತ್ರ ತಿಂದವರು ಸೈಕಲ್ ತುಳಿದು ಸುಮಾರು ಒಂದು ಗಂಟೆಗೆ ಸೋತರು. ಅದೇ ಜನ ಕೆಲವು ದಿನ ಚೆನ್ನಾಗಿ ಕಾರ್ಬೋಹೈಡ್ರೇಟ್ ತಿಂದು ಬಂದಾಗ ಮೂರು ಗಂಟೆಯ ಹತ್ತಿರಕ್ಕೆ ಹೋದರು. ಕಾಳು, ಧಾನ್ಯ, ಹಣ್ಣು ತಿನ್ನುವವರಿಗೆ ಇದು ತಾನಾಗಿ ಒದಗುತ್ತದೆ. ಆದರೆ ಕೋಳಿ ತುಂಡಿನ ಪಕ್ಕ ಅನ್ನ ಬಡಿಸಿಕೊಂಡವರಿಗೂ ಒದಗುತ್ತದೆ.

ಮಾಂಸ ತಿಂದರೇ ಶಕ್ತಿ ಎನ್ನುವ ಮಾತಿಗೆ ಇನ್ನೂ ಹಳೆಯ ಪೆಟ್ಟು ಬಿದ್ದಿದೆ. ಜರ್ಮನಿಯ ರಸಾಯನ ಶಾಸ್ತ್ರಜ್ಞ ಲೀಬಿಗ್, ಸ್ನಾಯುವಿಗೆ ಇಂಧನವೇ ಪ್ರೋಟೀನ್ ಎಂದು ನಂಬಿದ್ದರು. ಮಾಂಸದ ಸಾರ ಮಾರುವ ಕಂಪನಿಗೂ ಅವರದ್ದೇ ಹೆಸರಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೆನಸ್ ಎಂಬ ಇಬ್ಬರು ವಿಜ್ಞಾನಿಗಳು ಹಿಂದಿನ ದಿನದಿಂದ ಪ್ರೋಟೀನ್ ಮುಟ್ಟದೆ, ಪಿಷ್ಟದ ಬಿಲ್ಲೆ ತಿಂದು ಸಕ್ಕರೆ ಹಾಕಿದ ಟೀ ಕುಡಿದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ದೇಹ ಪ್ರೋಟೀನ್ ಸುಟ್ಟರೆ ಅದರ ಸಾರಜನಕ ಮೂತ್ರದಲ್ಲಿ ಹೊರಬರುತ್ತದೆ, ಹಾಗಾಗಿ ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಬಾಟಲಿಯಲ್ಲಿ ಕೂಡಿಟ್ಟುಕೊಂಡು ಅದರಲ್ಲಿನ ಸಾರಜನಕ ಅಳೆದರು. ಅಷ್ಟು ಎತ್ತರಕ್ಕೆ ಮೈಭಾರ ಏರಿಸಲು ದೇಹ ಸುಟ್ಟ ಪ್ರೋಟೀನ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಬಾಟಲಿ ಹಿಡಿದುಕೊಂಡು ಬೆಟ್ಟ ಹತ್ತಿದ ಆ ಇಬ್ಬರನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಪ್ರೋಟೀನ್ ಬೇಡವೇ ಹಾಗಾದರೆ? ಬೇಕು, ಸ್ನಾಯು ಕಟ್ಟುವುದಕ್ಕೆ. ಭಾರ ಎತ್ತುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.6 ಗ್ರಾಂ ಸಿಕ್ಕರೆ ಅದರಾಚೆ ದೊಡ್ಡ ಲಾಭವಿಲ್ಲ. ಬ್ರೆಜಿಲ್‌ನ ಸಾವ್ ಪಾವ್ಲೋದಲ್ಲಿ ವೀಗನ್ ಹುಡುಗರಿಗೂ ಮಾಂಸಾಹಾರಿ ಹುಡುಗರಿಗೂ ಅಷ್ಟೇ ಕೊಟ್ಟು ಹನ್ನೆರಡು ವಾರ ತಾಲೀಮು ಮಾಡಿಸಿದರು. ಸ್ನಾಯು, ಶಕ್ತಿ ಎರಡೂ ಸಮಸಮ ಬೆಳೆದವು. ಆದರೆ ಅಲ್ಲಿ ಎರಡೂ ಕಡೆಯವರಿಗೆ ಪ್ರೋಟೀನ್ ಪುಡಿ ಇತ್ತು. ನನ್ನ ತೂಕ 58 ಕಿಲೋ, ಲೆಕ್ಕ ಹಾಕಿದರೆ ಸುಮಾರು 93 ಗ್ರಾಂ ಪ್ರೋಟೀನ್. ಅದು ಮುನ್ನೂರು ಗ್ರಾಂ ಬೇಯಿಸಿದ ಕೋಳಿ ಎದೆಯಲ್ಲಿ ಮುಗಿಯುತ್ತದೆ. ಬರೀ ಬೇಯಿಸಿದ ಬೇಳೆಯಲ್ಲಾದರೆ ಒಂದು ಕಿಲೋ. ಒಮ್ಮೆ ಹುಮ್ಮಸ್ಸಿನಲ್ಲಿ ದೊಡ್ಡ ಬಟ್ಟಲು ಕಡಲೆಕಾಳು ತಿಂದು ಓಡಲು ಹೋಗಿದ್ದೆ. ಆರನೇ ಕಿಲೋಮೀಟರ್‌ನಲ್ಲಿ ನಾನು ಹುಡುಕುತ್ತಿದ್ದದ್ದು ವೇಗವನ್ನಲ್ಲ, ಶೌಚಾಲಯವನ್ನು. ನಾರು ಹೊಟ್ಟೆ ಬೇಗ ತುಂಬಿಸುತ್ತದೆ ಕೂಡ. ಹಾಗಾಗಿ ಗಿಡಮೂಲದ ಊಟ ಮಾಡುವ ಓಟಗಾರರು ತಮಗೇ ಗೊತ್ತಿಲ್ಲದೆ ಕಡಿಮೆ ತಿಂದು ಬಳಲುವುದುಂಟು.

ಮಾಂಸಕ್ಕೆ ಒಂದು ಅಂಕ ಮನಸಾರೆ ಕೊಡಬೇಕಾದದ್ದು ಕ್ರಿಯೇಟಿನ್ ವಿಷಯದಲ್ಲಿ. 1832ರಲ್ಲಿ ಫ್ರಾನ್ಸಿನ ಶೆವ್ರೋಲ್ ಅದನ್ನು ಮೊದಲು ಕಂಡದ್ದೇ ಮಾಂಸದ ಸಾರದಲ್ಲಿ. ಮಾಂಸ, ಮೀನು ತಿನ್ನದವರ ಸ್ನಾಯುವಿನಲ್ಲಿ ಅದು ಕಡಿಮೆ ಇರುತ್ತದೆ. ಸ್ಪ್ರಿಂಟ್, ಭಾರದ ಸ್ಕ್ವಾಟ್ ಥರದ ಕೆಲವೇ ಸೆಕೆಂಡಿನ ಜೋರಿನ ಕೆಲಸಕ್ಕೆ ಅದು ಬೇಕು. ತಮಾಷೆ ಏನೆಂದರೆ ಅಂಗಡಿಯಲ್ಲಿ ಸಿಗುವ ಕ್ರಿಯೇಟಿನ್ ಪುಡಿಯನ್ನು ತಯಾರಿಸುವುದು ಕಾರ್ಖಾನೆಯಲ್ಲಿ, ಪ್ರಾಣಿಯಿಂದಲ್ಲ. ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಆ ಅಂತರವೂ ಮುಗಿಯಿತು. ನನ್ನ ಹತ್ತು ಕಿಲೋಮೀಟರ್‌ಗೆ ಅದರಿಂದ ಅಂಥ ಉಪಕಾರವೇನಿಲ್ಲ, ಮೈಯಲ್ಲಿ ಸ್ವಲ್ಪ ನೀರು ಹೆಚ್ಚಾಗುತ್ತದೆ ಅಷ್ಟೇ.

ಕಾರ್ಲ್ ಲೂಯಿಸ್ 1991ರಲ್ಲಿ ವೀಗನ್ ಆಗಿದ್ದುಕೊಂಡೇ 100 ಮೀಟರ್ ಅನ್ನು 9.86 ಸೆಕೆಂಡಿನಲ್ಲಿ ಓಡಿದರು ಎಂದು ಕಾಮೆಂಟಿನಲ್ಲಿ ಯಾರಾದರೂ ಬರೆಯುತ್ತೀರಿ ಅಂತ ಗೊತ್ತು. ನಿಜ. ಅವರು ಏನು ತಿಂದಿದ್ದರೂ ನಾನು ಅವರಿಗಿಂತ ಹಿಂದೆಯೇ ಇರುತ್ತಿದ್ದೆ.

ನಾನು ಈಗಲೂ ಮಾಂಸ ತಿನ್ನುತ್ತಿಲ್ಲ. ಅದರ ಕಾರಣ ಬೇರೆ, ಅದನ್ನು ಓಟದ ಬಾಲಕ್ಕೆ ಕಟ್ಟುವುದನ್ನು ಬಿಟ್ಟಿದ್ದೇನೆ. ಡಾಕ್ಟರ್ ಹೇಳಿದಷ್ಟು ದಿನ ಕಬ್ಬಿಣದ ಮಾತ್ರೆ ನುಂಗಿದೆ. ಬಿ12 ಮಾತ್ರೆ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿದೆ. ಕಾಫಿ ಊಟದಿಂದ ಒಂದೂವರೆ ಗಂಟೆ ದೂರ ಹೋಗಿದೆ. ಇಷ್ಟರಲ್ಲಿ ನಿಜಕ್ಕೂ ಕಷ್ಟವಾದದ್ದು ಅದೊಂದೇ. ಐದು ತಿಂಗಳಿಗೆ ಫೆರಿಟಿನ್ 38ಕ್ಕೆ ಬಂತು. ಕಳೆದ ಭಾನುವಾರದ ಓಟ 60 ನಿಮಿಷ 20 ಸೆಕೆಂಡು. ಆ ಇಪ್ಪತ್ತು ಸೆಕೆಂಡಿಗೆ ಏನು ತಿನ್ನಬೇಕು ಎಂದು ಸ್ನೇಹಿತನನ್ನು ಕೇಳಿದೆ. ಅವನು ಜೇಬಿನಿಂದ ಬಾಳೆಹಣ್ಣು ತೆಗೆದು ಸುಲಿಯುತ್ತಿದ್ದ, ಉತ್ತರ ಕೊಡಲಿಲ್ಲ.